ಸೊನ್ನೆ ಇರುವ ಊರು

ಕನ್ನಡ ಸಂಘದ ದೀಪಾವಳಿ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಬಿದ್ದಿವೆ, ಏನಾದರೂ ಬರೆದುಕೊಡಿ ಎಂದು ಸಂಪಾದಕರು ಫೋನ್ ಮಾಡಿದರು. ಯಾವ ಎರಡು ಪುಟ ಎಂದು ನಾನು ಕೇಳಲಿಲ್ಲ. ಅಧ್ಯಕ್ಷರ ಮಾತು ಮುಗಿದ ಮೇಲೆ, ಮಸಾಲೆ ಅಂಗಡಿಗಳ ಜಾಹೀರಾತು ಶುರುವಾಗುವ ಮೊದಲು ಬರುವ ಪುಟಗಳು ಅವು. ಅಲ್ಲಿ ಪ್ರತಿವರ್ಷ ಒಬ್ಬರದೇ ಲೇಖನ, ಹಾಲೆಂಡಿನ ಒಂದು ಊರಿನ ಮೇಲೆ, ಒಂದೇ ತಲೆಬರಹ: ‘ಅಮರ್ಸ್‌ಫೋರ್ಟ್: ಒಂದು ನಗರ ಪರಿಚಯ’. ಸಿಡ್ನಿಯಲ್ಲಿದ್ದಷ್ಟು ದಿನ ಅಲ್ಲಿಯ ಸಂಚಿಕೆಗೆ ಬರೆದರು, ಮೆಲ್ಬರ್ನ್‌ಗೆ ಬಂದ ಮೇಲೆ ಇಲ್ಲಿಯದಕ್ಕೆ. ನಮ್ಮವರು ಆ ಪುಟಗಳನ್ನು ಮಗುಚಿ ಹಾಕಿ ಮುಂದಿನ ಅಡುಗೆ ಅಂಕಣಕ್ಕೆ ಹೋಗುತ್ತಿದ್ದರು. ನಾನೂ ಹಾಗೇ ಮಾಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಅವರ ಹೆಸರು ಬರೆಯುವುದಿಲ್ಲ. ನಕ್ಷೆ ಬರೆದವನ ಹೆಸರು ಮೂಲೆಯಲ್ಲೂ ಇರಬಾರದು, ಇದ್ದರೆ ನೋಡುವವನು ಊರು ಬಿಟ್ಟು ಮನುಷ್ಯನನ್ನು ನೋಡುತ್ತಾನೆ ಎನ್ನುತ್ತಿದ್ದವರು ಅವರು. ಹಾಲೆಂಡಿನಲ್ಲಿ ಇದ್ದು ಬಂದವರೆಂದುಕೊಂಡು ಜನ ‘ಹಾಲೆಂಡ್ ಅಂಕಲ್’ ಎನ್ನುತ್ತಿದ್ದರು. ನಾನು ‘ಸಾರ್’ ಎನ್ನುತ್ತಿದ್ದೆ. ಮೈಸೂರಿನ ಸರ್ವೆ ಕಚೇರಿಯಲ್ಲಿ ಇಪ್ಪತ್ತೈದು ವರ್ಷ ನಕ್ಷೆ ಬರೆದವರು. ಮಕ್ಕಳಿಲ್ಲ. ತಂಗಿಯೊಬ್ಬಳು ಇಲ್ಲಿಗೆ ಕರೆಸಿಕೊಂಡಳು ಎಂದು ಐವತ್ತರ ವಯಸ್ಸಿನಲ್ಲಿ ಹೆಂಡತಿಯ ಜೊತೆ ಸಿಡ್ನಿಗೆ ಬಂದು, ಪ್ಯಾರಮಾಟಾದ ಒಂದು ಸಣ್ಣ ಆಫೀಸಿನಲ್ಲಿ ಮತ್ತೆ ಅದೇ ಕೆಲಸಕ್ಕೆ ಕೂತರು.

ನನ್ನ ವಿಷಯವೂ ಎರಡು ಮಾತು ಹೇಳಿಬಿಡುತ್ತೇನೆ. ನಾನು ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದು ಬೆಳೆದವನು. ಸಿಡ್ನಿಗೆ ಬಂದು ಹಣ್ಣಿನ ಮಾರುಕಟ್ಟೆಯಲ್ಲಿ ಪೆಟ್ಟಿಗೆ ಹೊತ್ತು, ಆಮೇಲೆ ಕ್ವೇಕರ್ಸ್ ಹಿಲ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ ವಿಮಾನದ ಟಿಕೆಟ್ ಮಾರುವ ಅಂಗಡಿ ತೆರೆದೆ. ಗ್ಯಾರೇಜನ್ನು ಅಂಗಡಿ ಮಾಡಲು ಕೌನ್ಸಿಲ್ಲಿನ ಒಪ್ಪಿಗೆ ಬೇಕಿತ್ತು, ಅದಕ್ಕೊಂದು ನಕ್ಷೆ ಬೇಕಿತ್ತು. ಯಾರೋ ಅವರ ಹೆಸರು ಹೇಳಿದರು. ಒಂದು ಶನಿವಾರ ಬೆಳಿಗ್ಗೆ ಬಂದರು, ಮಂಡಿಯುದ್ದದ ದಪ್ಪ ಉಣ್ಣೆಯ ಕೋಟು ಹಾಕಿಕೊಂಡು. ಮೇ ತಿಂಗಳು, ಒಳ್ಳೆ ಬಿಸಿಲು. ನನಗೆ ನಗು ತಡೆಯಲಾಗಲಿಲ್ಲ.

“ಸಾರ್, ಸಿಡ್ನೀಲಿ ಹಿಮ ಬೀಳಲ್ಲ.”

“ಗೊತ್ತು ಕಣ್ರೀ. ಇದು ಇಲ್ಲಿಗೆ ಅಂತ ಹೊಲಿಸಿದ್ದಲ್ಲ” ಎಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಗ್ಯಾರೇಜಿನ ಮೂಲೆಯಲ್ಲಿ ನಿಂತು ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಒಂದು ಸಣ್ಣ ವೃತ್ತ ಬರೆದರು. ‘ಇದು ಸೊನ್ನೆ. ಅಳತೆ ಶುರು ಮಾಡೋಕೆ ಒಂದು ಸೊನ್ನೆ ಬೇಕು, ಇಲ್ದಿದ್ರೆ ಎಲ್ಲಾ ತೇಲಾಡುತ್ತೆ’ ಎಂದು ಹೇಳಿ, ಅಲ್ಲಿಂದ ಗೋಡೆ, ಬಾಗಿಲು, ಚರಂಡಿ ಎಲ್ಲ ಅಳೆದರು. ಕಿವಿಯ ಹಿಂದಿನ ಪೆನ್ಸಿಲನ್ನು ಅರ್ಧ ಗಂಟೆಗೊಮ್ಮೆ ಶೇವಿಂಗ್ ಬ್ಲೇಡಿನಲ್ಲಿ ಹೆರೆಯುತ್ತಿದ್ದರು. ಹೆರೆದ ಪುಡಿಯನ್ನು ಅಂಗೈಯಲ್ಲಿ ಹಿಡಿದು ಜೇಬಿಗೆ ಹಾಕಿಕೊಳ್ಳುವರು, ನೆಲಕ್ಕೆ ಬಿಡುವುದಿಲ್ಲ. ಕೌನ್ಸಿಲ್ಲಿನವರು ಒಂದು ಪ್ರಶ್ನೆ ಕೇಳದೆ ಒಪ್ಪಿಗೆ ಕೊಟ್ಟರು. ಕೆಲಸಕ್ಕೆ ಅವರು ಏನೂ ತೆಗೆದುಕೊಳ್ಳಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, ಆಮ್‌ಸ್ಟರ್‌ಡಾಮ್‌ಗೆ ಟಿಕೆಟ್ ಎಷ್ಟಾಗಬಹುದು ಎಂದು ಕೇಳಿದರು. ಹೇಳಿದೆ. ‘ಸುಮ್ನೆ ಕೇಳ್ದೆ’ ಎಂದು ಹೋದರು.

ವ್ಯಾಪಾರದಲ್ಲಿ ಒಂದು ಮಾತಿದೆ: ಮೂರು ಸಲ ಬೆಲೆ ಕೇಳಿದವನು ನಾಲ್ಕನೆಯ ಸಲ ಕೊಳ್ಳುತ್ತಾನೆ. ಇವರು ಪ್ರತಿವರ್ಷ ಮೇ ತಿಂಗಳಲ್ಲಿ, ಇಲ್ಲಿ ಚಳಿಗಾಲ ಶುರುವಾಗುವ ಹೊತ್ತಿಗೆ ಬಂದು ಕೇಳಿದರು, ಎಂಟು ವರ್ಷ.

ಬೆಲೆ ಕೇಳಿದ ಮೇಲೆ ಕೂತು ಆ ಊರಿನ ವಿಷಯ ಹೇಳುತ್ತಿದ್ದರು. ಅದು ದೊಡ್ಡ ಊರಲ್ಲ, ತೀರಾ ಸಣ್ಣದೂ ಅಲ್ಲ, ಹೆಚ್ಚು ಕಡಿಮೆ ನಮ್ಮ ಹಾಸನದಷ್ಟು. ದೇಶದ ನಟ್ಟನಡುವೆ ಇದೆ. ಏಮ್ ಎಂಬ ಪುಟ್ಟ ನದಿ ಅಲ್ಲಿ ಹುಟ್ಟಿ ಉತ್ತರಕ್ಕೆ ಹರಿಯುತ್ತದೆ. ನದಿ ಊರು ಬಿಡುವಲ್ಲಿ ಒಂದು ಕೋಟೆಬಾಗಿಲಿದೆ, ಒಂದು ಕಮಾನಿನಡಿ ಗಾಡಿ ಹೋಗುತ್ತದೆ, ಇನ್ನೊಂದರಡಿ ದೋಣಿ. ನೀರಿಗೆ ಅಡ್ಡಲಾಗಿ ಹಲಗೆ ಇಳಿಸಲು ಒಳಗೆ ಮರದ ಭಾರಿ ಚಕ್ರಗಳಿವೆ, ಅವುಗಳೊಳಗೆ ಆಳುಗಳು ನಡೆಯಬೇಕು. ‘ಬೆಳಿಗ್ಗೆಯಿಂದ ಸಂಜೆವರೆಗೆ ನಡೀತಾರೆ ಕಣ್ರೀ, ಇದ್ದಲ್ಲೇ ಇರ್ತಾರೆ’ ಎಂದು ಹೇಳಿ ತಮ್ಮ ಚಪ್ಪಲಿ ನೋಡಿಕೊಳ್ಳುವರು. ಊರು ಬೆಳೆದಾಗ ಹಳೆಯ ಕೋಟೆಗೋಡೆಯನ್ನು ಒಡೆದು ಅದೇ ಸಾಲಿನಲ್ಲಿ ಮನೆ ಕಟ್ಟಿದ್ದಾರೆ, ಆ ಬೀದಿ ಬಳೆಯ ಹಾಗೆ ಬಾಗುತ್ತದೆ. ನಡುವೆ ಗೋಪುರ. ಪಕ್ಕದ ದೊಡ್ಡ ಚರ್ಚಿನಲ್ಲಿ ಯಾವುದೋ ಕಾಲದಲ್ಲಿ ಸಿಡಿಮದ್ದಿನ ಪುಡಿ ಇಟ್ಟಿದ್ದರಂತೆ, ಸ್ಫೋಟಿಸಿ ಚರ್ಚು ಹೋಯಿತು, ಗೋಪುರ ಒಂಟಿಯಾಗಿ ಉಳಿಯಿತು. ಆ ಗೋಪುರದಿಂದಲೇ ಡಚ್ಚರು ಇಡೀ ದೇಶ ಅಳೆದದ್ದು, ಅದರ ಬುಡವೇ ಅವರ ನಕ್ಷೆಗಳ ಸೊನ್ನೆ. ಆಮೇಲೆ ಲೆಕ್ಕಕ್ಕೆ ಅನುಕೂಲ ಎಂದು ಕಾಗದದ ಮೇಲೆ ಸೊನ್ನೆಯನ್ನು ಬೇರೆ ಕಡೆ ಸರಿಸಿದರಂತೆ. ಇದನ್ನು ಹೇಳುವಾಗ ಮಾತ್ರ ಅವರಿಗೆ ಸಣ್ಣ ಸಿಟ್ಟು ಬರುತ್ತಿತ್ತು.

ಸಂಘದ ಪಿಕ್‌ನಿಕ್‌ನಲ್ಲಿ ಒಮ್ಮೆ ಕಲ್ಲಿನ ಕತೆ ಹೇಳಿದ್ದು ಎಲ್ಲರಿಗೂ ನೆನಪಿರಬೇಕು. ಮುನ್ನೂರು ವರ್ಷದ ಹಿಂದೆ ಒಬ್ಬ ಶ್ರೀಮಂತ ಪಂದ್ಯ ಕಟ್ಟಿದ, ಊರಿನವರ ಕೈಯಲ್ಲೇ ಊರಾಚೆ ಬಿದ್ದಿರುವ ಹೆಬ್ಬಂಡೆಯನ್ನು ಊರೊಳಕ್ಕೆ ಎಳೆಸುತ್ತೇನೆ ಎಂದು. ಬಿಯರೂ ರೊಟ್ಟಿಯೂ ಕೊಟ್ಟ, ನೂರಾರು ಜನ ಹಗ್ಗ ಹಿಡಿದು ಎಳೆದೇಬಿಟ್ಟರು. ಸುತ್ತಲ ಊರಿನವರು ‘ಕಲ್ಲೆಳೆಯೋರು’ ಎಂದು ಆಡಿಕೊಂಡು ನಕ್ಕಾಗ ಇವರಿಗೆ ನಾಚಿಕೆಯಾಗಿ, ಎಳೆದ ಕಲ್ಲನ್ನು ಅಲ್ಲೇ ಗುಂಡಿ ತೋಡಿ ಹೂತರು. ಮರಿಮಕ್ಕಳ ಕಾಲಕ್ಕೆ ಅಗೆದು ತೆಗೆದು ಕಟ್ಟೆಯ ಮೇಲೆ ಕೂರಿಸಿದರು. ನಮ್ಮವರು ಬಿದ್ದು ಬಿದ್ದು ನಕ್ಕರು. ಅಂಕಲ್, ಹೂತು ಮರೆತುಬಿಡೋದಲ್ವಾ ಎಂದು ಯಾರೋ ಕೇಳಿದರು.

“ಹೂತಿದ್ದು ಎಲ್ಲೂ ಹೋಗಲ್ಲ ಕಣಪ್ಪ” ಎಂದರು ಅವರು. “ಎಲ್ಲಿ ಹೂತಿದೆ ಅಂತ ಊರಿಗೆಲ್ಲ ಗೊತ್ತಿರುತ್ತೆ.”

ಹಳೆ ಕಾರು ಕೊಳ್ಳುವವರಿಗೆ ನಾನು ಯಾವಾಗಲೂ ಒಂದು ಬುದ್ಧಿ ಹೇಳುತ್ತೇನೆ. ಮಾರುವವನು ‘ಈ ಗಾಡಿ ಬೆಟ್ಟ ಹತ್ತುತ್ತೆ’ ಎಂದರೆ ನಂಬಬೇಡಿ. ‘ಬೆಟ್ಟ ಹತ್ತಿಸಿದೀನಿ’ ಎಂದರೆ ಕೇಳಿ. ಕ್ರಿಯಾಪದ ನೋಡಿ ವ್ಯಾಪಾರ ಮಾಡಬೇಕು. ಇಷ್ಟು ಬಲ್ಲ ನಾನು, ಎಂಟು ವರ್ಷ ಆ ಮನುಷ್ಯನ ಎದುರು ಕೂತು, ಅವರ ಕ್ರಿಯಾಪದ ಗಮನಿಸಲಿಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ ಇಲ್ಲಿ ಕೆಲಸಗಳು ಹೋದವಲ್ಲ, ಆಗ ಅವರ ಆಫೀಸಿಗೆ ಕಂಪ್ಯೂಟರ್ ಬಂತು. ಕೈಯಲ್ಲಿ ನಕ್ಷೆ ಬರೆಯುವ ನಾಲ್ವರಲ್ಲಿ ಒಬ್ಬರನ್ನೂ ಉಳಿಸಿಕೊಳ್ಳಲಿಲ್ಲ. ಮೆಲ್ಬರ್ನ್‌ನ ಪಶ್ಚಿಮಕ್ಕೆ ವೆರಿಬೀಯಲ್ಲಿ ಇನ್ನೂ ಇಂಕು, ಟ್ರೇಸಿಂಗ್ ಕಾಗದ ಬಳಸುವ ಒಬ್ಬ ಮುದುಕ ಸರ್ವೆಯರ್ ಇದ್ದಾನೆ ಎಂದು ತಿಳಿದು ಅಲ್ಲಿಗೆ ಹೊರಟರು. ಮನೆ ಕೊಳ್ಳುವ ಮಾತು ಬಂದಾಗ ನಾನು ಎರಡು ದಿನ ಅಂಗಡಿ ಮುಚ್ಚಿ ಜೊತೆಗೆ ಹೋದೆ. ಮನೆ ಇಷ್ಟವಾದರೆ ಮುಖದ ಮೇಲೆ ತೋರಿಸಬಾರದು, ಅಡುಗೆಮನೆಯ ನಲ್ಲಿ ತಿರುಗಿಸಿ ಸುಮ್ಮನೆ ತಲೆ ಅಲ್ಲಾಡಿಸಬೇಕು. ಅವರಿಗೆ ಅದು ಬರಲಿಲ್ಲ. ಹಿತ್ತಿಲಿನಲ್ಲಿ ನಿಂತು, ಒಂದು ದಿಬ್ಬವೂ ಇಲ್ಲದ ಆ ಬಯಲು, ಕಡಲಿನ ಕಡೆಯಿಂದ ಬೀಸುವ ಗಾಳಿ ನೋಡಿ, ‘ಥೇಟ್ ಅಲ್ಲಿಯ ಹಾಗೇ ಇದೆಯಲ್ರೀ’ ಎಂದು ಏಜೆಂಟನ ಎದುರೇ ಹಿಗ್ಗಿದರು. ಏಜೆಂಟನಿಗೆ ಕನ್ನಡ ಬರುವುದಿಲ್ಲ, ಆದರೆ ಹಿಗ್ಗು ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ಅವರ ಕೈ ಹಿಡಿದು ಹೊರಗೆ ಕರೆತಂದು, ಕಾಯೋಣ ಸಾರ್ ಎಂದೆ. ಮೂರು ವಾರ ಕಾದೆವು. ಏಜೆಂಟನೇ ಫೋನ್ ಮಾಡಿ ಬೆಲೆ ಇಳಿಸಿದ. ಅವರಿಗೆ ನನ್ನ ಮೇಲೆ ಅಂದಿನಿಂದ ಎಂಥ ನಂಬಿಕೆ ಬಂತೆಂದರೆ, ಕಾಯುವುದೂ ಒಂದು ವಿದ್ಯೆ ಎಂದು ಸಿಕ್ಕವರಿಗೆಲ್ಲ ಹೇಳತೊಡಗಿದರು.

ಆ ನಂಬಿಕೆ ಬಾರದೆ ಇದ್ದಿದ್ದರೆ ಚೆನ್ನಾಗಿತ್ತು.

ಎರಡು ವರ್ಷದ ಮೇಲೆ ನಾನೂ ವೆರಿಬೀಗೆ ಬಂದು ಅಂಗಡಿ ಹಾಕಿದೆ. ಆ ಇಂಕಿನ ಮುದುಕ ಸರ್ವೆಯರ್ ಆ ಹೊತ್ತಿಗೆ ಆಫೀಸಿನ ಬಾಗಿಲು ಮುಚ್ಚಿದ್ದ, ಇವರು ಮನೆಯಲ್ಲೇ ಇದ್ದರು. ನನ್ನ ಅಂಗಡಿಯ ಸಾಲಿನಲ್ಲಿ ಒಬ್ಬ ಡಚ್ ಅಜ್ಜಿಯ ಕೇಕ್ ಅಂಗಡಿಯಿತ್ತು. ಯುದ್ಧ ಮುಗಿದ ಮೇಲೆ ಹಡಗಿನಲ್ಲಿ ಬಂದವಳು. ಒಂದು ದಿನ ಮಾತಿಗೆ ಮಾತು ಬಂದು, ತಾನು ಅಮರ್ಸ್‌ಫೋರ್ಟಿನವಳು ಎಂದಳು. ನನಗೆ ರೋಮಾಂಚನವಾಯಿತು. ಊರಿನ ನೆಪದಲ್ಲಿ ಗೆಳೆತನ ಬೆಳೆದರೆ ಅವಳ ಕಡೆಯವರ ಟಿಕೆಟ್ಟೆಲ್ಲ ನನ್ನ ಅಂಗಡಿಗೆ ಬರುತ್ತವೆ ಎಂಬ ಲೆಕ್ಕವೂ ಇತ್ತು. ಮರುದಿನವೇ ಸಾರ್ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದೆ. ಯಾರನ್ನು ನೋಡಲು ಎಂದು ಹೇಳಲಿಲ್ಲ.

ಅಜ್ಜಿ ಮೊದಲು ನಂಬಲಿಲ್ಲ. ತನ್ನ ಶಾಲೆಯ ಬೀದಿ ಹೇಳಿದಳು. ಇವರು ಅಲ್ಲಿಂದ ಗೋಪುರಕ್ಕೆ ದಾರಿ ಹೇಳಿದರು: ಎಡಕ್ಕೆ ತಿರುಗಿದರೆ ಸೇತುವೆ ಸಿಗುತ್ತದೆ, ದಾಟಿ ಬಲಕ್ಕೆ ಹೋದರೆ ಬೀದಿ ಬಾಗುತ್ತದೆ, ಮೂರನೆಯ ಸಂದಿಯಲ್ಲಿ ಹೋದರೆ ಮೆಟ್ಟಿಲು ಕಾಣುತ್ತದೆ. ಅಜ್ಜಿ ಏಪ್ರನ್ನಿನಿಂದ ಕಣ್ಣೊರೆಸಿಕೊಂಡು ಕುರ್ಚಿಯ ಮೇಲೆ ಕೂತಳು. ತಾನೇ ಮರೆತಿದ್ದ ಒಂದು ಸಂದಿಯನ್ನು ಇವರು ಹೇಳಿದ್ದರು. ಆಮೇಲೆ ಇವರ ಕೈಮೇಲೆ ಕೈಯಿಟ್ಟು, ಮಳೆ ಬಂದು ನಿಂತ ಮೇಲೆ ಕಾಲುವೆಯಿಂದ ಏಳುವ ಆ ವಾಸನೆ ನೆನಪಿದೆಯಾ, ನನಗೆ ಅದೊಂದು ಮಾತ್ರ ಇಲ್ಲಿ ಎಲ್ಲೂ ಸಿಗಲಿಲ್ಲ, ಅದು ಯಾವುದರ ಹಾಗಿತ್ತು ಹೇಳು ಎಂದಳು.

ಸಾರ್ ಮುಂದಿದ್ದ ಕೇಕನ್ನು ನೋಡುತ್ತ ಕೂತರು. ಅಜ್ಜಿ ಇನ್ನೂ ಕಾಯುತ್ತಲೇ ಇದ್ದಳು. ಅವಳಿಗೆ ಅನುಮಾನ ಬರಲಿಲ್ಲ, ಅಷ್ಟು ಪುಣ್ಯ. ವಯಸ್ಸಾಯಿತಲ್ಲ, ಮರೆತಿರಬೇಕು ಎಂದುಕೊಂಡು ಒಂದು ಡಬ್ಬಿ ಬಿಸ್ಕತ್ತು ಕಟ್ಟಿಕೊಟ್ಟಳು.

ಕಾರಿನಲ್ಲಿ ಎರಡು ಸಿಗ್ನಲ್ ದಾಟಿದೆವು. ಬಿಸ್ಕತ್ತಿನ ಡಬ್ಬಿ ಅವರ ತೊಡೆಯ ಮೇಲಿತ್ತು.

“ವಾಸನೆ ನಕ್ಷೇಲಿ ಇರಲ್ಲ ಕಣ್ರೀ” ಎಂದರು.

ನನಗೆ ಆಗಲೂ ತಕ್ಷಣ ಹೊಳೆಯಲಿಲ್ಲ. ಬ್ರೇಕ್ ಒತ್ತಿದ ಮೇಲೆ ಹೊಳೆಯಿತು. ಸಾರ್, ನೀವು ಎಂದು ಶುರು ಮಾಡಿದೆ. ಇಲ್ಲ, ಹೋಗೇ ಇಲ್ಲ ಎಂದರು. ಹೋಗಿದ್ದೆ ಎಂದು ಯಾರಿಗೂ ಯಾವತ್ತೂ ಹೇಳಿಲ್ಲ, ಯೋಚನೆ ಮಾಡಿ ನೋಡಿ ಎಂದರು. ಮಾಡಿದೆ. ನಿಜ. ಊರು ‘ಇದೆ’, ಸೇತುವೆ ‘ಸಿಗುತ್ತದೆ’, ಗೋಪುರ ‘ಕಾಣುತ್ತದೆ’. ‘ಹೋದೆ’ ಇಲ್ಲ, ‘ನೋಡಿದೆ’ ಇಲ್ಲ, ‘ಚಳಿಯಿತ್ತು’ ಇಲ್ಲ. ಹೋಗಿಬಂದವನು ಮೊದಲು ಹೇಳುವುದು ಅಲ್ಲಿ ತನ್ನ ಪರ್ಸ್ ಕಳೆದದ್ದನ್ನು, ಹೊಟ್ಟೆ ಕೆಟ್ಟದ್ದನ್ನು. ಇವರ ಊರಿನಲ್ಲಿ ಇವರೇ ಇರಲಿಲ್ಲ.

ನಡೆದದ್ದು ಇಷ್ಟು. ಅರವತ್ತರ ದಶಕದಲ್ಲಿ ಅಳತೆಯ ಯಂತ್ರಗಳನ್ನು ಕಲಿಸಿಕೊಡಲು ಮೈಸೂರಿನ ಕಚೇರಿಗೆ ಆ ಊರಿನ ಎಂಜಿನಿಯರನೊಬ್ಬ ಬಂದು ಆರು ತಿಂಗಳಿದ್ದ. ಇವರಿಬ್ಬರಿಗೂ ಸ್ನೇಹ. ಸಂಜೆ ಕೂತು ಅವನು ತನ್ನೂರನ್ನು ಟ್ರೇಸಿಂಗ್ ಹಾಳೆಯ ಹಿಂಬದಿಯಲ್ಲಿ ಬೀದಿಬೀದಿಯಾಗಿ ಬರೆದು ತೋರಿಸುತ್ತಿದ್ದ. ಹೋದ ಮೇಲೆ ಎಂಟು ತಿಂಗಳ ತರಬೇತಿಗೆ ಇವರನ್ನೇ ಕಳಿಸಿ ಎಂದು ಅಲ್ಲಿಂದ ಪತ್ರ ಬಂತು. ಪಾಸ್‌ಪೋರ್ಟ್ ಆಯಿತು. ಕೋಟು ಹೊಲಿಸಿದರು. ಹೊರಡಲು ಹತ್ತು ದಿನವಿರುವಾಗ ಪಟ್ಟಿಯಲ್ಲಿ ಬೇರೊಬ್ಬರ ಹೆಸರು ಬಂತು. ಕೋಟು ಉಳಿಯಿತು, ಹಾಳೆ ಉಳಿಯಿತು. ಎಂಜಿನಿಯರನ ಕಾಗದಗಳು ಕೆಲವು ವರ್ಷ ಬಂದವು, ಆಮೇಲೆ ನಿಂತವು.

“ಹೆಂಡ್ತಿಗೆ ಗೊತ್ತು. ಈಗ ನಿಮಗೆ” ಎಂದು ಮನೆಯ ಮುಂದೆ ಇಳಿದರು. ಬಿಸ್ಕತ್ತಿನ ಡಬ್ಬಿ ಸೀಟಿನಲ್ಲೇ ಬಿಟ್ಟರು.

ನಾನು ಮನೆಗೆ ಹೋಗಿ ಊಟ ಮಾಡಲಿಲ್ಲ. ಇವರನ್ನು ಕಳಿಸದೆ ಬಿಡುವುದಿಲ್ಲ ಎಂದು ನಿಶ್ಚಯ ಮಾಡಿದೆ. ಮರುದಿನ ಹೋಗಿ ಹೇಳಿದಾಗ ಅವರು ಮೊದಲು ಬೇಡವೆಂದರು, ಆಮೇಲೆ ಮೇ ತಿಂಗಳಾದರೆ ಹೋಗಬಹುದು ಎಂದರು. ಅಲ್ಲಿ ಆಗ ಬೆಳಕು ಹೆಚ್ಚು, ಗೋಪುರ ಹತ್ತಿದರೆ ನಾಲ್ಕು ದಿಕ್ಕೂ ಕಾಣುತ್ತದೆ. ನಾನು ನಕ್ಕೆ. ಸಾರ್, ಮೇ ತಿಂಗಳಿಂದ ರೇಟು ಏರುತ್ತೆ, ತಿಳಿದವನು ಯಾರೂ ಆಗ ಯೂರೋಪಿಗೆ ಹೋಗಲ್ಲ, ನವೆಂಬರ್‌ವರೆಗೆ ಕಾಯೋಣ, ಊರು ಎಲ್ಲಿಗೂ ಓಡಿಹೋಗಲ್ಲ ಎಂದೆ. ಅವರು ಹೂಂ ಎಂದರು. ನವೆಂಬರ್ ಬಂದಾಗ, ಹೊಸ ವಿಮಾನ ಕಂಪನಿಯೊಂದು ಶುರುವಾಗುತ್ತಿದೆ, ಕಂಪನಿಗಳು ತಮ್ಮತಮ್ಮಲ್ಲೇ ಜಗಳವಾಡಿ ಬೆಲೆ ಇಳಿಸುತ್ತವೆ ಎಂದು ನನಗೆ ಒಳಗಿನ ಸುದ್ದಿ ಬಂತು. ಫೆಬ್ರವರಿಗೆ ನೋಡೋಣ ಎಂದೆ. ಫೆಬ್ರವರಿಯಲ್ಲಿ ಬೆಲೆ ಇಳಿಯಲಿಲ್ಲ. ಇಳಿಯದ ಬೆಲೆಗೆ ಅವರಿಗೆ ಟಿಕೆಟ್ ಕೊಡಿಸಲು ನನಗೆ ಅವಮಾನವಾಯಿತು. ಮತ್ತೆ ಕಾಯಿಸಿದೆ. ಅವರ ಕೈಯಲ್ಲಿ ಕೊಡುವ ಶಕ್ತಿ ಇತ್ತು, ಇದನ್ನು ಹೇಳಲೇಬೇಕು. ಪೂರ್ತಿ ಬೆಲೆ ಕೊಟ್ಟೇ ಹೋಗಬಲ್ಲವರಾಗಿದ್ದರು. ಅವರನ್ನು ತಡೆದದ್ದು ಬಡತನವಲ್ಲ, ನಾನು.

ತೊಂಬತ್ತೇಳರ ಏಪ್ರಿಲ್ಲಿನಲ್ಲಿ ಕೊನೆಗೂ ಬುಕ್ ಮಾಡಿದೆ. ಒಳ್ಳೆಯ ರೇಟೇ ಸಿಕ್ಕಿತ್ತು. ಟಿಕೆಟ್ ಹಿಡಿದು ಅವರು ಬರುವುದನ್ನು ಕಾಯುತ್ತ ಬಾಗಿಲಲ್ಲಿ ನಿಂತಿದ್ದೆ. ಅವರು ಹೆಂಡತಿಯ ತೋಳು ಹಿಡಿದು ಬಂದರು. ಅಂಗಡಿಯ ಹೊರಗಿದ್ದ ಬೋರ್ಡಿಗೆ ಭುಜ ತಗುಲಿತು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ಒಂದು ವರ್ಷದಿಂದ ದೃಷ್ಟಿ ಸುತ್ತಲಿನಿಂದ ಮುಚ್ಚಿಕೊಂಡು ಬರುತ್ತಿತ್ತಂತೆ. ಯಾರಿಗೂ ಹೇಳಿರಲಿಲ್ಲ. ಹೋದದ್ದು ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಹಿಂದಿನ ವಾರ ಹೇಳಿದ್ದರು.

ಟಿಕೆಟ್ಟಿನ ಲಕೋಟೆಯನ್ನು ಅವರ ಮುಂದಿಟ್ಟೆ. ಅವರು ಅದರ ಅಂಚನ್ನು ಬೆರಳಿನಿಂದ ಸವರಿದರು, ಅಳೆಯುವವರ ಹಾಗೆ.

“ಈಗ ಹೋದ್ರೆ ಒಂದು ಬೀಗದ ಕಿಂಡಿಯಷ್ಟು ಕಾಣುತ್ತೆ. ಗೋಪುರ ಕಂಡ್ರೆ ಬುಡ ಕಾಣಲ್ಲ. ಬೇಡ ಕಣ್ರೀ. ಇಲ್ಲಿಂದ್ಲೇ ಪೂರ್ತಿ ಕಾಣುತ್ತೆ.”

ನಾನು ಏನೇನೋ ಹೇಳಿದೆ. ವೀಲ್‌ಚೇರ್ ಹೇಳುತ್ತೇನೆ, ಜೊತೆಗೆ ನಾನೇ ಬರುತ್ತೇನೆ ಎಂದೆ. ತಪ್ಪು ನನ್ನದು ಎಂದೂ ಹೇಳಿದೆ. ಅವರು ಬೈದಿದ್ದರೆ ನನಗೆ ಉಸಿರಾಡಲು ದಾರಿಯಾಗುತ್ತಿತ್ತು. “ನೀವು ನನ್ನ ಒಳ್ಳೇದಕ್ಕೇ ಹೇಳಿದ್ರಿ” ಎಂದರು. ಆ ಮಾತಿನ ಮೇಲೆ ಚೌಕಾಸಿ ಮಾಡಲು ಆಗಲಿಲ್ಲ. ಮುಂದಿನ ವರ್ಷ ಚಳಿಗಾಲದಲ್ಲಿ, ಎದೆನೋವು ಎಂದು ಆಸ್ಪತ್ರೆಗೆ ಸೇರಿದ ಮೂರನೆಯ ದಿನ, ಹೋದರು.

ಆ ನವೆಂಬರಿನಲ್ಲಿ ನಾನು ಅಮರ್ಸ್‌ಫೋರ್ಟಿಗೆ ಹೊರಟೆ. ಲಂಡನ್ನಿಗೆ ಕೆಲಸವಿತ್ತು ಎಂದು ಎಲ್ಲರಿಗೂ ಹೇಳಿದೆ, ಇರಲಿಲ್ಲ. ಅಮ್ಮನ ಹತ್ತಿರ, ಅಂದರೆ ಅವರ ಹೆಂಡತಿಯ ಹತ್ತಿರ, ಹೋಗಿ ಹಾಳೆ ಕೇಳಿದೆ. ಎಂಜಿನಿಯರ್ ಬರೆದ ಮೂಲ ಹಾಳೆ ಹಿಡಿದರೆ ಹರಿಯುವಂತಿತ್ತು, ಸಾರ್ ಅದನ್ನು ಇಂಕಿನಲ್ಲಿ ಕನ್ನಡ ಅಕ್ಷರ ಹಾಕಿ ಮತ್ತೆ ಬರೆದಿದ್ದರು. ಅದನ್ನು ಕೊಟ್ಟರು. ಕೋಟು ಕೇಳಿದೆ. ‘ಬಟ್ಟೆ ದಾನದ ಡಬ್ಬಕ್ಕೆ ಹಾಕಿ ಬಂದೆನಪ್ಪ, ಯಾರಿಗಾದರೂ ಬೆಚ್ಚಗಾಗಲಿ’ ಎಂದರು.

ಅಗ್ಗದ ಕಾಲದ ಟಿಕೆಟ್ಟು. ರೈಲಿಳಿದು ನೋಡಿದರೆ ಊರಿಲ್ಲ. ಮಂಜು. ಹತ್ತು ಹೆಜ್ಜೆಯ ಆಚೆ ಏನೂ ಇಲ್ಲ. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನಡೆದೆ. ಬರೆದಲ್ಲಿ ಸೇತುವೆ ಸಿಕ್ಕಿತು, ಬರೆದಲ್ಲಿ ಬೀದಿ ಬಾಗಿತು. ಅವರು ಕೆಂಪು ಚುಕ್ಕೆ ಇಟ್ಟಿದ್ದ ಬಾಗಿಲು ತಟ್ಟಿದೆ. ಒಬ್ಬ ಹುಡುಗಿ ತೆರೆದಳು. ಆ ಎಂಜಿನಿಯರನ ಹೆಸರು ಅವಳಿಗೆ ಗೊತ್ತಿರಲಿಲ್ಲ, ಅವಳ ಹಿಂದೆ ಇದ್ದವರಿಗೂ. ಮುಂದೆ ಹೋಗಿ ಗೋಪುರದ ಬುಡ ಮುಟ್ಟಿದೆ. ತಲೆಯೆತ್ತಿದರೆ ಒಂದಾಳುದ್ದ ಇಟ್ಟಿಗೆ, ಆಮೇಲೆ ಬಿಳುಪು. ಅವತ್ತು ಹತ್ತಲು ಬಿಡುವುದಿಲ್ಲವಂತೆ. ಸಂಜೆಯವರೆಗೆ ಅಲ್ಲೇ ಸುತ್ತಿದೆ, ಮಂಜು ಕರಗಲಿಲ್ಲ. ನವೆಂಬರ್‌ವರೆಗೆ ಕಾಯಿರಿ ಎಂದು ನಾನು ಅವರಿಗೆ ಮಾರಲು ಹೊರಟಿದ್ದು ಇದನ್ನೇ.

ವಾಪಸು ಬಂದು ಅಮ್ಮನಿಗೆ ಹಾಳೆ ಕೊಡಲು ಹೋದೆ. ಕಾಫಿ ಕೊಟ್ಟು ಎದುರಿಗೆ ಕೂತರು.

“ಹೇಗಿತ್ತಪ್ಪ ಊರು?”

ನಾನು ವ್ಯಾಪಾರಿ, ಒಂದು ಒಳ್ಳೆಯ ಸುಳ್ಳು ಹೇಳಲು ಬರದವನಲ್ಲ. ಚೆನ್ನಾಗಿದೆ ಅಮ್ಮ ಎಂದೆ. ದೇಶದ ನಡುಭಾಗದಲ್ಲಿದೆ. ಸೇತುವೆ ದಾಟಿದರೆ ಬೀದಿ ಬಾಗುತ್ತದೆ, ಮೂರನೆಯ ಸಂದಿಯಲ್ಲಿ ಹೋದರೆ ಗೋಪುರ ಸಿಗುತ್ತದೆ, ಬುಡದಲ್ಲಿ ನಿಂತರೆ ತುದಿಯವರೆಗೂ ಕಾಣುತ್ತದೆ ಎಂದೆ.

ಅವರು ಹಾಳೆಯನ್ನು ಮಡಿಕೆಯ ಗುರುತಿನಲ್ಲೇ ನಿಧಾನವಾಗಿ ಮಡಿಸಿದರು.

“ಕಾಣುತ್ತೆ ಅಂತೀಯ” ಎಂದರು. “ಕಾಣಿಸ್ತು ಅನ್ನಲ್ಲ. ಹಾಗಾದ್ರೆ ನೀನೂ ನೋಡ್ಲಿಲ್ಲ.”